ಭಾರದ ಗೆರೆ

ಅಮ್ಮಿ ಬೆಳಗಿನ ನಮಾಜು ಮುಗಿಸಿ ಚಾಪೆಯಿಂದ ಏಳುವುದನ್ನು ನಾಜಿಶ್ ಬಾಗಿಲ ಸಂದಿಯಿಂದ ಕಳ್ಳಿಯ ಹಾಗೆ ನೋಡುತ್ತಿದ್ದಳು. ಮೊದಲು ಎಡಗೈ ನೆಲಕ್ಕೆ, ಆಮೇಲೆ ಬಲ ಮೊಣಕಾಲು ಮೇಲಕ್ಕೆ, ತೊಡೆಯ ಮೇಲೆ ಅಂಗೈ ಊರಿ ಒಂದು ನಿಟ್ಟುಸಿರು, ಅಷ್ಟರಲ್ಲಿ ಮೈಯ ಭಾರವೆಲ್ಲ ಹಿಂದಿನಿಂದ ಮುಂದಕ್ಕೆ ಸರಿದು ಅಮ್ಮಿ ನಿಂತಾಗಿತ್ತು. ಎಪ್ಪತ್ತರ ಹತ್ತಿರದ, ಸಕ್ಕರೆ ಕಾಯಿಲೆಯ, ಬೆಳಗಾದರೆ ತನ್ನ ಮಂಡಿಯನ್ನು ಬೈದುಕೊಂಡೇ ದಿನ ಶುರುಮಾಡುವ ಅಮ್ಮಿ ಶಂಶುನ್ನೀಸಾಳ ಮೊಣಕಾಲು ಯಾರ ಲೆಕ್ಕವನ್ನೂ ಕೇಳದೆ ಇಷ್ಟನ್ನು ಮಾಡಿ ಮುಗಿಸಿತ್ತು. ನಾಜಿಶಳಿಗೆ ಹೊಟ್ಟೆಕಿಚ್ಚಾಯಿತು. ಹೆತ್ತಮ್ಮನ ಮಂಡಿಯ ಮೇಲೆ ಹೊಟ್ಟೆಕಿಚ್ಚು ಪಡುವ ಹೆಣ್ಣು ಕಾಕ್ಸ್‌ಟೌನಿನಲ್ಲಿ ಇನ್ನೊಬ್ಬಳಿರಲಾರಳು ಎಂದು ನಗು ಬಂತು. ಬಂದ ನಗು ನಿಂಗಣ್ಣನ ನೆನಪಾಗಿ ಅರ್ಧಕ್ಕೇ ನಿಂತಿತು. ಕಳೆದ ವಾರದಿಂದ ಹೀಗೇ ಆಗುತ್ತಿತ್ತು. ಯಾವ ಯೋಚನೆ ಎಲ್ಲಿಂದ ಹೊರಟರೂ ಟಿನ್ ಫ್ಯಾಕ್ಟರಿಯ ಬಸ್ ಸ್ಟಾಪಿಗೆ ಬಂದು, ಬಸ್ಸಿನಿಂದ ಇಳಿಯುತ್ತಿದ್ದ ನಿಂಗಣ್ಣನ ಜೊತೆ ತಾನೂ ಮುಗ್ಗರಿಸುತ್ತಿತ್ತು. "ಕ್ಯಾ ದೇಖ್ರೈ ಗೇ?" ಎಂದಳು ಅಮ್ಮಿ ತಿರುಗದೆಯೇ, ಬೆನ್ನಿಗೂ ಕಣ್ಣಿರುವವಳ ಹಾಗೆ. ಏನೂ ಇಲ್ಲ ಎಂದು ನಾಜಿಶ್ ಬ್ಯಾಗು ಹೆಗಲಿಗೇರಿಸಿದಳು. "ಖಾ ಕೋ ಜಾ" ಎಂಬ ಕೂಗು ಮೆಟ್ಟಿಲ ತನಕ ಹಿಂಬಾಲಿಸಿ ಬಂತು. ತಿನ್ನುವ ಮನಸ್ಸಿರಲಿಲ್ಲ.

ಇಂದಿರಾನಗರದ ಹಿಂದಿನ ರಸ್ತೆಯೊಂದರಲ್ಲಿ ಅವಳ ಆಫೀಸು. ಕಾಲು ಕಳೆದುಕೊಂಡವರಿಗೆ ಅಗ್ಗದಲ್ಲಿ ಸಿಗುವಂಥ ಕೃತಕ ಮೊಣಕಾಲನ್ನು ಮಾಡಲು ಹೊರಟ ಸಣ್ಣ ಕಂಪನಿ. ಅದರ ಕೀಲುಗಳ ಚಲನೆ, ಅವುಗಳ ಮೇಲೆ ಬೀಳುವ ಬಲ, ಎಲ್ಲದರ ಲೆಕ್ಕ ನಾಜಿಶಳದು. ಮೊಣಕಾಲೆಂದರೆ ಬಾಗಿಲಿನಂತೆ ಒಂದೇ ಕೀಲಿನ ಮೇಲೆ ತಿರುಗುವ ವಸ್ತುವಲ್ಲ ಎಂಬುದನ್ನು ಅವಳು ಹೊಸಬರಿಗೆಲ್ಲ ಸಡಗರದಿಂದ ಹೇಳುತ್ತಿದ್ದಳು. ಮೇಲೊಂದು ಕೆಳಗೊಂದು ಅಡ್ಡ ತುಂಡು, ಮುಂದೊಂದು ಹಿಂದೊಂದು ಸರಳು, ಮೂಲೆಗೊಂದು ಕೀಲು. ಕಾಲು ಮಡಿಸಿದಾಗ ಅದು ಯಾವ ಬಿಂದುವಿನ ಸುತ್ತ ತಿರುಗುತ್ತದೋ ಆ ಬಿಂದು ಇವುಗಳಲ್ಲಿ ಯಾವುದರ ಮೇಲೂ ಇರುವುದಿಲ್ಲ. ಎರಡು ಸರಳುಗಳನ್ನೂ ಮನಸ್ಸಿನಲ್ಲೇ ಉದ್ದಕ್ಕೆ ಎಳೆದರೆ ಅವು ಕೂಡುವ ಕಡೆ, ಬರೀ ಗಾಳಿಯಲ್ಲಿ ಇರುತ್ತದೆ. ಕಾಲು ಮಡಚುತ್ತ ಹೋದಂತೆ ಅದೂ ಜಾಗ ಬದಲಿಸುತ್ತದೆ. ನೆಲ ಕಾಲನ್ನು ಮೇಲಕ್ಕೆ ಒತ್ತುತ್ತದಲ್ಲ, ಆ ಭಾರದ ಗೆರೆ ಈ ಬಿಂದುವಿನ ಮುಂದೆ ಹಾಯ್ದರೆ ಕಾಲು ಕಂಬದಂತೆ ನಿಲ್ಲುತ್ತದೆ, ಹಿಂದೆ ಹಾಯ್ದರೆ ಮಡಚಿಕೊಳ್ಳುತ್ತದೆ. ನಿಲ್ಲುವುದಕ್ಕೂ ಬೀಳುವುದಕ್ಕೂ ನಡುವೆ ಒಂದು ಬೆರಳಿನ ಅಗಲ ಜಾಗ. ಎಲ್ಲೂ ಇಲ್ಲದ ಆ ಬಿಂದುವಿನ ಮೇಲೆ ನಾಜಿಶಳಿಗೆ ಪ್ರೀತಿಯಿತ್ತು. ಮನುಷ್ಯರ ಮೇಲೆ ಇಷ್ಟು ಪ್ರೀತಿ ಬಂದಿದ್ದರೆ ಇಷ್ಟರಲ್ಲಿ ಮದುವೆಯಾಗಿರುತ್ತಿತ್ತು ಎಂದು ಅಮ್ಮಿ ಹಂಗಿಸುವುದೂ ಉಂಟು.

ನಿಂಗಣ್ಣ ಕಲಬುರಗಿ ಕಡೆಯವನು. ಲಾರಿಯಿಂದ ಮೂಟೆ ಇಳಿಸುವ ಕೆಲಸದಲ್ಲಿದ್ದಾಗ ಎಡಗಾಲು ಲಾರಿಯ ಅಡಿಗೆ ಸಿಕ್ಕಿ ತೊಡೆಯವರೆಗೆ ಹೋಯಿತು. ಈಗ ಹಲಸೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಸೆಕ್ಯೂರಿಟಿ. ಕಂಪನಿಯ ಹೊಸ ಮೊಣಕಾಲನ್ನು ಮೊದಲು ಹಾಕಿಕೊಂಡು ನಡೆದವನು ಅವನೇ. ಏನು ಕೇಳಿದರೂ "ಚಲೋ ಅದರಿ ಮೇಡಂ" ಎನ್ನುತ್ತಿದ್ದ. ಕಾಲಿನ ಬುಡದಲ್ಲಿ ಚರ್ಮ ಸುಲಿದು ರಕ್ತ ಬಂದಾಗಲೂ ಚಲೋ ಅದರಿ ಎಂದವನು. ಹೆಂಗಸರೆದುರು ತೊಡೆಯ ಗಾಯದ ಮಾತು ಎತ್ತುವುದು ಹೇಗೆಂಬ ಸಂಕೋಚ. ಕಳೆದ ವಾರ ಒಂದು ದಿನ ನಡಿಗೆಯ ಅಳತೆ ತೆಗೆದಾಗ ಭಾರದ ಗೆರೆ ಬಿಂದುವಿನಿಂದ ಬಹಳ ಮುಂದೆ ಹಾಯುತ್ತಿತ್ತು. ಕಾಲು ಮಡಚುವುದಕ್ಕೆ ಅವನು ಹೆಣಗುತ್ತಿದ್ದ. ನಾಜಿಶ್ ಮಂಡಿಯೂರಿ ಕೂತು, ಮೊಣಕಾಲಿನ ಕೆಳಗಿರುವ ಸ್ಕ್ರೂವನ್ನು ಅರ್ಧ ಸುತ್ತು ತಿರುಗಿಸಿದಳು. ಗೆರೆ ಹಿಂದಕ್ಕೆ ಸರಿದು ಪರದೆಯ ಮೇಲೆ ಪುಸ್ತಕದಲ್ಲಿರುವಂಥ ಚೆಂದದ ವಕ್ರರೇಖೆ ಮೂಡಿತು. "ಹಗೂರ ಆಯ್ತು ನೋಡ್ರಿ" ಎಂದು ನಿಂಗಣ್ಣ ಮಗುವಿನ ಹಾಗೆ ಹಿಗ್ಗಿದ. ಅವತ್ತೇ ಸಂಜೆ ಟಿನ್ ಫ್ಯಾಕ್ಟರಿಯಲ್ಲಿ ಬಸ್ಸಿನಿಂದ ಇಳಿಯುವಾಗ ಬಿದ್ದ. ಗದ್ದ ಒಡೆಯಿತು, ಮಣಿಕಟ್ಟು ಉಳುಕಿತು. ಅಂದಿನಿಂದ ಅವನು ಆ ಕಾಲನ್ನು ಮುಟ್ಟಿಲ್ಲ. ಊರುಗೋಲಿನವನನ್ನು ಗೇಟಿನಲ್ಲಿ ನಿಲ್ಲಿಸಿಕೊಳ್ಳುವವರು ಯಾರು, ಇನ್ನು ಹತ್ತು ದಿನ ನೋಡಿ ಬೇರೆಯವರನ್ನು ಹಾಕುತ್ತಾರಂತೆ. ಅವನು ಮತ್ತೆ ಕಾಲು ಹಾಕಿಕೊಳ್ಳುತ್ತಾನೋ ಇಲ್ಲವೋ ಎಂಬುದರ ಮೇಲೆ ಅವನ ಸಂಸಾರ ನಿಂತಿತ್ತು.

ಬಿದ್ದ ಮಾರನೆಯ ದಿನ ಮೀಟಿಂಗಿನಲ್ಲಿ ಕಂಪನಿಯ ಮುಖ್ಯಸ್ಥ ಲಕ್ಷ್ಮಿಕಾಂತ, "ಲೆಕ್ಕದಲ್ಲೇನಾದ್ರೂ ಮಿಸ್ ಆಗಿದ್ಯಾ ನಾಜಿಶ್?" ಎಂದು ಮೆತ್ತಗೆ ಕೇಳಿದ್ದರು. ಗದರಿ ಕೇಳಿದ್ದರೆ ಅವಳು ಗದರಿಯೇ ಉತ್ತರಿಸುತ್ತಿದ್ದಳೇನೋ. ಸುತ್ತ ಕೂತವರೆಲ್ಲ ತಮ್ಮ ತಮ್ಮ ಕಾಫಿ ಲೋಟದೊಳಗೆ ನೋಡುತ್ತಿದ್ದರು. "ಇಲ್ಲ ಸರ್, ಎಲ್ಲಾ ಎರಡೆರಡು ಸಲ ನೋಡಿದೀನಿ" ಎಂದಳು. "ಮತ್ತೆ ಹೇಗೆ ಬಿದ್ರು?" ಗೊತ್ತಿಲ್ಲ ಎಂದು ಅಲ್ಲಿಗೇ ಸುಮ್ಮನಾಗಬಹುದಿತ್ತು. ಪೆನ್ನಿನ ಮುಚ್ಚಳ ಹಾಕುತ್ತ, ಯಾರ ಮುಖವನ್ನೂ ನೋಡದೆ, "ಕುಡಿದಿದ್ರೇನೋ ಸರ್, ಒಂದ್ಸಲ ಕೇಳ್ನೋಡಿ" ಎಂದುಬಿಟ್ಟಳು. ನಿಂಗಣ್ಣ ಕುಡಿದದ್ದನ್ನು ಅವಳು ಎಂದೂ ಕಂಡಿರಲಿಲ್ಲ, ಕೇಳಿಯೂ ಇರಲಿಲ್ಲ. ಮಾತು ಎಲ್ಲಿಂದ ಬಂತೆಂದು ಅವಳಿಗೇ ತಿಳಿಯಲಿಲ್ಲ. ಆದರೆ ಅದು ಹೊರಬಿದ್ದ ಕೂಡಲೇ ಮೇಜಿನ ಸುತ್ತ ಎಲ್ಲರ ಹೆಗಲೂ ಸಡಿಲವಾದದ್ದು, ತನ್ನ ಎದೆಯೊಳಗೂ ಏನೋ ಹಗುರವಾದದ್ದು ಚೆನ್ನಾಗಿ ನೆನಪಿದೆ. ಆ ಹಗುರವೇ ಈಗ ದಿನಾ ಬೆಳಿಗ್ಗೆ ಎದ್ದ ತಕ್ಷಣ ಬಂದು ಎದೆಯ ಮೇಲೆ ಕೂರುತ್ತಿತ್ತು.

ಕಮರ್ಷಿಯಲ್ ಸ್ಟ್ರೀಟಿನ ಪಕ್ಕದ ಸಂದಿಯಲ್ಲಿ ಅವಳ ಅಬ್ಬಾ ಹಬೀಬ್ ಸಾಹೇಬರದು ಲೇಸು, ರಿಬ್ಬನ್ನಿನ ಅಂಗಡಿ. ಅದಕ್ಕೊಂದು ಮಡಚುವ ಕಬ್ಬಿಣದ ಗೇಟು. ಎಳೆದರೆ ಪಟ್ಟಿಗಳೆಲ್ಲ ಕತ್ತರಿ ಕತ್ತರಿಯಾಗಿ ತೆರೆದುಕೊಂಡು, ತಳ್ಳಿದರೆ ಒಂದರೊಳಗೊಂದು ಸೇರಿಕೊಳ್ಳುವುದನ್ನು ನೋಡುತ್ತ ಚಿಕ್ಕಂದಿನಲ್ಲಿ ದಿನಾ ಶಾಲೆ ಬಿಟ್ಟ ಮೇಲೆ ಅವಳು ಅಲ್ಲೇ ನಿಂತಿರುತ್ತಿದ್ದಳು. ಒಂದು ಸಂಜೆ ಅಬ್ಬಾ ಗೇಟು ಎಳೆದಾಗ ಅವಳ ಕಿರುಬೆರಳು ಪಟ್ಟಿಗಳ ನಡುವೆ ಸಿಕ್ಕಿತು. ಬೀದಿಯೇ ಬೆಚ್ಚುವಂತೆ ಕಿರುಚಿದಳು. ಅಬ್ಬಾ ಓಡಿ ಬಂದು ಬೆರಳು ಬಿಡಿಸಿ, ಬಾಯಲ್ಲಿಟ್ಟು ಚೀಪಿ, ಆಮೇಲೆ ಕೇಳಿದ ಮೊದಲ ಮಾತು: ಬೆರಳನ್ನು ಅಲ್ಲಿ ಯಾಕೆ ಇಟ್ಟೆ? ಪಕ್ಕದಂಗಡಿಯವರೂ ಅದನ್ನೇ ಕೇಳಿದರು. ಮನೆಗೆ ಹೋದರೆ ಅಮ್ಮಿಯೂ ಕೇಳಿದಳು. ಗೇಟನ್ನು ಯಾರೂ ಏನೂ ಕೇಳಲಿಲ್ಲ. ತಾನು ಈ ಓದಿಗೆ ಬಂದದ್ದು ಆ ಪಟ್ಟಿಗಳ ಚೆಲುವಿಗೆ ಮರುಳಾಗಿ ಎಂದು ನಾಜಿಶ್ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾಳೆ. ಹೇಳಿದ್ದು ಸುಳ್ಳಲ್ಲ. ಆದರೆ ಓದುತ್ತ ಓದುತ್ತ ತಾನು ಯಾವಾಗ ಗೇಟಿನ ಪರವಾದೆ ಎಂಬುದು ಅವಳಿಗೆ ಗೊತ್ತಾಗಿರಲಿಲ್ಲ.

ಈ ದಿನವೂ ಆಫೀಸಿಗೆ ಬಂದವಳೇ ನಿಂಗಣ್ಣನ ನಡಿಗೆಯ ಅಳತೆಗೆಂದು ಅವತ್ತು ತೆಗೆದ ವಿಡಿಯೋ ಹಾಕಿಕೊಂಡು ಕೂತಳು. ಎಷ್ಟನೆಯ ಸಲವೋ. ನಿಂಗಣ್ಣನ ಸೊಂಟಕ್ಕೆ, ಮೊಣಕಾಲಿಗೆ, ಕಣಕಾಲಿಗೆ ಅಂಟಿಸಿದ ಬಣ್ಣದ ಚುಕ್ಕೆಗಳು ಎಡದಿಂದ ಬಲಕ್ಕೆ ಹೋಗುತ್ತವೆ. ಇಷ್ಟು ದಿನ ಅವಳು ನೋಡಿದ್ದು ಆ ಚುಕ್ಕೆಗಳನ್ನು ಮಾತ್ರ. ಕಣ್ಣು ಸೋತಿತ್ತೋ ಏನೋ, ಈ ಸಲ ನೋಟ ಚುಕ್ಕೆಗಳನ್ನು ಬಿಟ್ಟು ಚೌಕಟ್ಟಿನ ಮೂಲೆಗೆ ಜಾರಿತು. ಅಲ್ಲಿ ತೆರೆದ ಬಾಗಿಲು, ಅದರಾಚೆ ಮೆಟ್ಟಿಲ ಮೇಲೆ ಸಾಲಾಗಿ ಎಲ್ಲರ ಚಪ್ಪಲಿ. ಚಪ್ಪಲಿಗಳ ನಡುವೆ ಒಂದು ಜೊತೆ ಕರಿ ಬೂಟು, ಸೆಕ್ಯೂರಿಟಿಯವರು ಹಾಕುವಂಥದ್ದು, ದಪ್ಪ ಹಿಮ್ಮಡಿಯದ್ದು. ನಾಜಿಶ್ ವಿಡಿಯೋ ನಿಲ್ಲಿಸಿದಳು. ನಿಂಗಣ್ಣನ ಪಾದ ನೋಡಿದಳು. ಒಂದು ಅವನದೇ ಬರಿಗಾಲು. ಇನ್ನೊಂದು ಉಗುರು ಸಮೇತ ಅಚ್ಚೊತ್ತಿದ ರಬ್ಬರಿನ ಬರಿಗಾಲು.

ನೆಲದಲ್ಲಿ ಹುದುಗಿಸಿದ, ಹೆಜ್ಜೆಯ ಭಾರ ಅಳೆಯುವ ಹಲಗೆಗೆ ಧೂಳಾಗಬಾರದೆಂದು ಆ ಕೋಣೆಯೊಳಗೆ ಯಾರೂ ಚಪ್ಪಲಿ ಹಾಕುತ್ತಿರಲಿಲ್ಲ. ಧೂಳಿನ ಕಾರಣ ಇಲ್ಲದಿದ್ದರೂ ಯಾರೂ ಹಾಕುತ್ತಿರಲಿಲ್ಲ. ಕಸ ಗುಡಿಸುವ ಆಂಜನಮ್ಮ ಸುಮ್ಮನೆ ಬಿಟ್ಟಾಳೆಯೇ? ಮನೆಯಲ್ಲಿ, ಮಸೀದಿಯಲ್ಲಿ, ಗುಡಿಯಲ್ಲಿ, ಹಲ್ಲಿನ ಡಾಕ್ಟರ ಹತ್ತಿರ, ಹುಟ್ಟಿದಾಗಿನಿಂದ ಹೊಸ್ತಿಲ ಹತ್ತಿರ ಬಂದ ಕೂಡಲೇ ಕಾಲು ತಾನಾಗಿ ಚಪ್ಪಲಿ ಕಳಚುತ್ತದೆ. ತಲೆಗೆ ಅದರ ಸುದ್ದಿಯೂ ಹೋಗುವುದಿಲ್ಲ. "ಬೂಟು ಹೊರಗೆ ಬಿಡಿ ನಿಂಗಣ್ಣ ಅವ್ರೇ" ಎಂದು ಅವತ್ತು ಹೇಳಿದವಳು ತಾನೇ. ಹೇಳದಿದ್ದರೂ ಅವನು ಬಿಡುತ್ತಿದ್ದ. ಪರದೇಶದ ಪುಸ್ತಕಗಳ ಚಿತ್ರದಲ್ಲಿ ಕೃತಕ ಕಾಲಿನವರೆಲ್ಲ ಬೂಟು ಹಾಕಿಕೊಂಡೇ ಕೋಣೆಯೊಳಗೆ ನಡೆಯುತ್ತಾರೆ. ಆ ಚಿತ್ರಗಳನ್ನು ಅವಳು ಸಾವಿರ ಸಲ ನೋಡಿದ್ದಳು. ಅವರ ಬಳಕೆ ಹಾಗೆ, ಪಾಪ, ಎಂದುಕೊಂಡಿದ್ದಳು. ಬರಿಗಾಲಿನಲ್ಲಿ ಅಳತೆ ತೆಗೆದು ಬರಿಗಾಲಿಗೆ ಸ್ಕ್ರೂ ತಿರುಗಿಸಿದ್ದಳು. ಅವನು ಹೊರಗೆ ಹೋಗಿ ಬೂಟು ಹಾಕಿದ. ಹಿಮ್ಮಡಿ ಎತ್ತರವಾಯಿತು, ಕಾಲಿನ ಕಂಬ ಮುಂದಕ್ಕೆ ವಾಲಿತು, ಮೊಣಕಾಲು ಮುಂದೆ ಬಂತು, ಭಾರದ ಗೆರೆ ಆ ಬೆರಳಗಲವನ್ನು ದಾಟಿ ಬಿಂದುವಿನ ಹಿಂದೆ ಹೋಯಿತು. ಮೊದಲಿದ್ದ ಹೊಂದಿಕೆಯಲ್ಲಿ, ಆ ಹೆಣಗಾಟದಲ್ಲಿ, ಬೂಟಿಗೆ ಬೇಕಾದಷ್ಟು ಜಾಗ ಇತ್ತು. ಆ ಜಾಗವನ್ನೇ ಅವಳು ರೇಖೆ ಚೆಂದ ಕಾಣಲಿ ಎಂದು ತಿರುಗಿಸಿ ತೆಗೆದಿದ್ದಳು. ಕಾಗದದ ಮೇಲೆ ಒಮ್ಮೆ ಬರೆದು ನೋಡಿದಳು. ಅನುಮಾನವೇ ಇರಲಿಲ್ಲ. ಅಳು ಬರುತ್ತದೆಂದುಕೊಂಡಳು, ಬಂದದ್ದು ತಪ್ಪು ಸಿಕ್ಕ ಸಂತೋಷ. ನಾಚಿಕೆಯಾಯಿತು.

ಲಕ್ಷ್ಮಿಕಾಂತ ಪೂರ್ತಿ ಕೇಳಿಸಿಕೊಂಡು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅಯ್ಯೋ ದೇವ್ರೇ, ಬೂಟಾ!" ಎಂದರು. ಆಮೇಲೆ, "ಸದ್ಯ, ಸಿಕ್ತಲ್ಲ ಬಿಡಿ. ಇನ್ಮೇಲೆ ಬೂಟು ಹಾಕಿಸಿಯೇ ಅಳತೆ ತಗೊಳ್ಳೋಣ."

"ನಿಂಗಣ್ಣ ಅವ್ರಿಗೆ ಹೇಳ್ಬೇಕು ಸರ್. ಇವತ್ತೇ ಹೋಗಿ ಸರಿ ಮಾಡಿ ಬರ್ತೀನಿ."

"ಹೋಗಿ, ಬೇಡ ಅನ್ನಲ್ಲ. ಆದ್ರೆ ಅವ್ರ ಮನೇಲಿ ಸ್ವಲ್ಪ ಗಲಾಟೆ ಅಂತ ಕಾಣುತ್ತೆ." ಅವರು ಕನ್ನಡಕದ ಕಡ್ಡಿಯನ್ನು ಮಡಚಿ ಬಿಚ್ಚಿ ಮಾಡುತ್ತಿದ್ದರು. "ಅವತ್ತು ನೀವು ಹೇಳಿದ್ರಲ್ಲ, ಕುಡಿದಿದ್ರಾ ಕೇಳಿ ಅಂತ. ಫೋನ್ ಮಾಡಿದ್ರೆ ಅವ್ರ ಹೆಂಡ್ತಿ ಎತ್ಕೊಂಡ್ರು. ನಾನೂ ಹಿಂದೆಮುಂದೆ ನೋಡ್ದೆ ಅವ್ರನ್ನೇ ಕೇಳ್ಬಿಟ್ಟೆ. ಆ ಯಮ್ಮ ಫೋನಲ್ಲೇ ಅಳೋಕೆ ಶುರು ಮಾಡಿದ್ರು. ಮುಂಚೆ ಕುಡೀತಿದ್ರಂತೆ. ಕಾಲು ಹೋದ್ಮೇಲೆ ಆಣೆ ಮಾಡಿ ಬಿಟ್ಟಿದ್ರಂತೆ. ನಂಗೇನ್ ಗೊತ್ತು?"

ನಾಜಿಶಳಿಗೆ ಎದುರಿನ ಗೋಡೆ ಸ್ವಲ್ಪ ಹತ್ತಿರ ಬಂದ ಹಾಗಾಯಿತು.  ಸ್ಕ್ರೂ ತಿರುಗಿಸುವ ಕೀಲಿಯನ್ನು ಬ್ಯಾಗಿಗೆ ಹಾಕಿಕೊಂಡು ಮೆಟ್ರೋ ಹತ್ತಿದಳು. ಕೀಲು ಹಾಕಿ ಜೋಡಿಸಿದ ಸರಳುಗಳಲ್ಲಿ ಒಂದು ವಿಚಿತ್ರ ಇದೆ. ಎರಡು ಸರಳುಗಳು ಇನ್ನೇನು ಒಂದೇ ನೇರಕ್ಕೆ ಬರಬೇಕು ಅನ್ನುವ ಹೊತ್ತಿನಲ್ಲಿ ನಡುವಿನ ಕೀಲನ್ನು ಬೆರಳಿನಿಂದ ಒತ್ತಿದರೂ ಸಾಕು, ತುದಿಯಲ್ಲಿ ಕಲ್ಲು ಪುಡಿಯಾಗುವಷ್ಟು ಬಲ ಬರುತ್ತದೆ. ಒತ್ತಿದವರಿಗೆ ಏನೂ ತಿಳಿಯುವುದಿಲ್ಲ, ಬೆರಳಿಗೆ ನೋವೂ ಇರುವುದಿಲ್ಲ. ಅವಳು ಪೆನ್ನಿನ ಮುಚ್ಚಳ ಹಾಕುತ್ತ ಆಡಿದ ಮಾತು ಲಕ್ಷ್ಮಿಕಾಂತರ ಕೈಯಿಂದ ಫೋನಿಗೆ ಹೋಗಿ, ಅಲ್ಲಿಂದ ಕೆ.ಆರ್. ಪುರದ ಒಂದು ಬಾಡಿಗೆ ಕೋಣೆಗೆ ಹೋಗಿ, ಮುಖ ಕಾಣದ ಆ ಹೆಂಗಸಿನ ಕಿವಿಯಲ್ಲಿ ಏನಾಗಿ ಬಿತ್ತೋ. ಎದುರು ಸೀಟಿನಲ್ಲಿ ಸಾಲಾಗಿ ಮೊಣಕಾಲುಗಳು: ಜೀನ್ಸಿನವು, ಸೀರೆಯವು, ಬುರ್ಕಾದವು, ಲ್ಯಾಪ್‌ಟಾಪ್ ಹೊತ್ತವು. ರೈಲು ನಿಧಾನಿಸಿದಾಗ ಎಲ್ಲವೂ ಒಟ್ಟಿಗೆ ಒಂದಿಷ್ಟು ಓಲಾಡಿದವು. ಅವಳು ಮನಸ್ಸಿನಲ್ಲೇ ಕ್ಷಮೆಯ ಮಾತುಗಳನ್ನು ಹೊಂದಿಸಿಕೊಳ್ಳುತ್ತಿದ್ದಳು. ನಿಂಗಣ್ಣ ಅವ್ರೇ, ತಪ್ಪು ನನ್ನದು, ಬೂಟಿನ ಎತ್ತರ ನಾನು ಲೆಕ್ಕಕ್ಕೆ ಹಿಡಿಯಲಿಲ್ಲ. ಚೆನ್ನಾಗಿತ್ತು.  ಬೂಟಿನ ತಪ್ಪಿನಲ್ಲಿ ಒಂದು ಘನತೆಯಿತ್ತು. ದೊಡ್ಡ ದೊಡ್ಡವರೂ ಮಾಡುವಂಥ ತಪ್ಪು ಅದು. ಇನ್ನೊಂದಕ್ಕೆ ಮಾತು ಹುಡುಕಲು ಹೋದರೆ ಒಂದೂ ಸಿಗಲಿಲ್ಲ. ಅಷ್ಟರಲ್ಲಿ ಕೆಳಗೆ ಟಿನ್ ಫ್ಯಾಕ್ಟರಿಯ ಬಸ್ಸುಗಳು, ಬಸ್ಸುಗಳ ನಡುವೆ ನುಸುಳುವ ಜನ ಕಂಡು ಹಿಂದೆ ಸರಿದುಹೋದರು.

ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ, ತಗಡಿನ ಮಾಡಿನ ಕೋಣೆಗಳ ಸಾಲಿನಲ್ಲಿ ನಿಂಗಣ್ಣನದು ಮೂರನೆಯದು. ನಡುವೆ ಸಿಮೆಂಟಿನ ಅಂಗಳ, ತುದಿಯಲ್ಲಿ ನಲ್ಲಿ. ಅವನು ಹೊಸ್ತಿಲಲ್ಲೇ ಊರುಗೋಲು ಪಕ್ಕಕ್ಕಿಟ್ಟುಕೊಂಡು ಕೂತಿದ್ದ. ಗದ್ದದ ಮೇಲೆ ಪಟ್ಟಿ. ಒಳಗೆ ಅವನ ಹೆಂಡತಿ ಶೇಷಮ್ಮ ಒಲೆಯ ಮುಂದೆ ಜೋಳದ ಹಿಟ್ಟು ನಾದುತ್ತಿದ್ದಳು. ಅಪಾರ್ಟ್‌ಮೆಂಟುಗಳ ಮನೆಗೆಲಸ ಮುಗಿಸಿ ಈಗಷ್ಟೇ ಬಂದವಳು, ಸೆರಗು ಇನ್ನೂ ಸೊಂಟಕ್ಕೆ ಸಿಕ್ಕಿಸಿಕೊಂಡೇ ಇತ್ತು.

"ಬರ್ರಿ ಮೇಡಂ, ಬರ್ರಿ. ನೀವ್ಯಾಕ ಇಲ್ಲಿತನಕ ಬರ್ಲಕ್ಕಿ ಹೋದ್ರಿ?" ನಿಂಗಣ್ಣ ಗೋಡೆ ಹಿಡಿದು ಏಳಹೋದ. "ತಪ್ಪು ನಂದದ. ಕಾಲು ಚಲೋನೇ ಅದ. ನಾನೇ ನೆಟ್ಟಗ ಇಳಿಲಿಲ್ಲ."

"ಮೇಡಮ್ಮರಿಗಿ ಒಳಗ ಕೂಡ್ಸು ಅಂತ ಹೇಳ್ರಿ ಯಾರಾದ್ರೂ" ಎಂದಳು ಶೇಷಮ್ಮ ಹಿಟ್ಟಿಗೆ ಹೇಳುವವಳ ಹಾಗೆ. ಗಂಡನ ಜೊತೆ ಅವಳು ನೇರ ಮಾತು ಬಿಟ್ಟಿದ್ದಳೆಂಬುದು ಗೊತ್ತಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಮಾತು ಬಿಟ್ಟ ಮನೆಯಲ್ಲಿ ಪಾತ್ರೆಗಳ ಸದ್ದು ಜೋರಾಗಿರುತ್ತದೆ.

ನಾಜಿಶ್ ನೆಲದ ಮೇಲೆ ಕೂತು ಕಾಲನ್ನೂ ಬೂಟನ್ನೂ ತರಿಸಿಕೊಂಡಳು. ಬೂಟಿಲ್ಲದೆ ಕಾಲನ್ನು ನಿಲ್ಲಿಸಿ ತೋರಿಸಿದಳು. ಬೂಟು ತೊಡಿಸಿ ನಿಲ್ಲಿಸಿದಳು. ಕಂಬ ಮುಂದಕ್ಕೆ ವಾಲುವುದು ಬರಿಗಣ್ಣಿಗೇ ಕಾಣುತ್ತಿತ್ತು. ಮೇಲಿನಿಂದ ಅಂಗೈಯಿಂದ ಒತ್ತಿದಳು. ಮೊಣಕಾಲು ತಟ್ಟನೆ ಮಡಚಿಕೊಂಡಿತು. ಶೇಷಮ್ಮ ಬೆಚ್ಚಿ ತಿರುಗಿದಳು.

"ಅಂದ್ರ ಬೂಟಿನ ಸಲುವಾಗಿ ಬಿದ್ನೇನ್ರಿ?" ಎಂದ ನಿಂಗಣ್ಣ.

"ಬೂಟಿಂದಲ್ಲ, ನನ್ನಿಂದ. ಬೂಟು ಬಿಚ್ಚಿಸಿ ಅಳತೆ ತಗೊಂಡೆ. ಆಮೇಲೆ ಸ್ಕ್ರೂ ತಿರುಗಿಸಿದ್ದೂ ನಾನೇ. ನೀವು ಹೇಗೆ ಇಳಿದಿದ್ರೂ ಬೀಳ್ತಿದ್ರಿ."

"ಏನಂದ್ರಿ? ಇನ್ನೊಮ್ಮಿ ಹೇಳ್ರಿ." ಶೇಷಮ್ಮ ಹಿಟ್ಟಿನ ಕೈಯಲ್ಲೇ ಎದ್ದು ಬಂದಿದ್ದಳು.

"ಅವ್ರು ಕುಡಿದಿರ್ಲಿಲ್ಲಮ್ಮ. ಅವ್ರದ್ದು ಏನೇನೂ ತಪ್ಪಿಲ್ಲ."

ಶೇಷಮ್ಮ ಗಂಡನ ಕಡೆ ತಿರುಗಿದಳು. "ಮತ್ತ ನೀ ಯಾಕ ಬಾಯಿ ಬಿಡ್ಲಿಲ್ಲ?"

"ಬಿಟ್ಟಿದ್ನಲ್ಲ. ನೀ ಎಲ್ಲಿ ಕೇಳ್ದಿ?" ನಿಂಗಣ್ಣ ಅಂಗಳದ ಕಡೆ ನೋಡುತ್ತ ಹೇಳಿದ. "ಟಿನ್ ಫ್ಯಾಕ್ಟರ್ಯಾಗ ಎಬ್ಬಸ್ಲಕ್ಕಿ ಬಂದ ಮಂದಿ ಮೊದಲ ನನ್ನ ಬಾಯಿ ಮೂಸಿ ನೋಡಿದ್ರು, ಮೇಡಂ. ಆಮ್ಯಾಲ ಎಬ್ಬಸಿದ್ರು. ಹೋಗ್ಲಿ ಅಂದ್ಕೊಂಡೆ, ಗುರ್ತಿಲ್ಲದ ಮಂದಿ. ಮರದಿನ ಆಫೀಸಿಂದ ಫೋನ್ ಬಂತು. ಆಗ ಇಕಿನೂ ಮೂಸಿದಳು."

ಶೇಷಮ್ಮ ಮೊಣಕೈಯಿಂದ ಕಣ್ಣು ಒರೆಸಿಕೊಂಡಳು. ಕೆನ್ನೆಗೆ ಹಿಟ್ಟು ಮೆತ್ತಿತು. "ತಪ್ಪಾಯ್ತು ಮಾರಾಯ" ಎಂದಳು, ಜಗಳದ ದನಿಯಲ್ಲಿಯೇ.

ನಾಜಿಶ್ ಬೂಟು ಹಾಕಿಸಿಯೇ ಸ್ಕ್ರೂ ಹಿಂದಕ್ಕೆ ತಿರುಗಿಸಿದಳು. ನಿಂಗಣ್ಣ ಕಾಲು ಕಟ್ಟಿಕೊಂಡು ಅಂಗಳಕ್ಕಿಳಿದ. ಮೊದಲು ಗೋಡೆ ಹಿಡಿದ, ಆಮೇಲೆ ಶೇಷಮ್ಮನ ಭುಜ ಹಿಡಿದ, ಆಮೇಲೆ ಎರಡನ್ನೂ ಬಿಟ್ಟ. ಪಕ್ಕದ ಕೋಣೆಗಳವರು ಬಾಗಿಲಿಗೆ ಬಂದು ನಿಂತರು. ನಲ್ಲಿಯ ತನಕ ಹೋಗಿ ತಿರುಗುವಾಗ ಅವನ ಮುಖದ ಮೇಲೆ ಭಯ ಇತ್ತು. ತಿರುಗಿ ಬಂದಾಗ ಇರಲಿಲ್ಲ. ನಾಜಿಶ್ ಇನ್ನೂ ಒಂದಿಷ್ಟು ತಿರುಗಿಸಿ, ಇನ್ನೊಂದು ಸಲ ನಡೆಸಿ, ಮೆಟ್ಟಿಲು ಹತ್ತಿಸಿ ಇಳಿಸಿ ನೋಡಿದಳು. ಸೋಮವಾರ ಡ್ಯೂಟಿಗೆ ಹೋಗುತ್ತೇನೆ ಎಂದ ನಿಂಗಣ್ಣ, ಯಾರೂ ಕೇಳದಿದ್ದರೂ, ಅಂಗಳಕ್ಕೆಲ್ಲ ಕೇಳುವ ಹಾಗೆ. ನಾಜಿಶಳ ಎದೆ ತುಂಬಿ ಬಂತು. ಇಷ್ಟೇ ಸಾಕು, ಈಗ ಎದ್ದು ಹೊರಡಬೇಕು ಎಂದುಕೊಂಡಳು. ಶೇಷಮ್ಮ ಬಿಡಲಿಲ್ಲ. ಕೈ ಹಿಡಿದು ಒಳಗೆ ಕೂರಿಸಿದಳು.

ಬಿಸಿ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಚಟ್ನಿ. ಬೆಳಗಿನಿಂದ ಏನೂ ತಿಂದಿರದ ಹೊಟ್ಟೆ ವಾಸನೆಗೇ ಸೋತಿತು. ನಿಂಗಣ್ಣ ಬೂಟುಗಾಲು ಹೊರಗೆ ಚಾಚಿ ಹೊಸ್ತಿಲಲ್ಲಿ, ಶೇಷಮ್ಮ ಒಲೆಯ ಮುಂದೆ ಕೂತು ನಾಜಿಶ್ ಉಣ್ಣುವುದನ್ನು ನೋಡುತ್ತಿದ್ದರು, ಮನೆಗೆ ಬಂದ ಮಗಳನ್ನು ನೋಡುವ ಹಾಗೆ. "ಆ ಸುಳ್ಳು ಹುಟ್ಟಿಸಿದಾಂವ ಯಾಂವ ಅದಾನೋ, ಅಂವನ ನಾಲಿಗಿ ಸೇದಿ ಹೋಗ್ಲಿ" ಎಂದಳು ಶೇಷಮ್ಮ ಹೆಂಚಿನ ಮೇಲಿನ ರೊಟ್ಟಿ ತಿರುವುತ್ತ. "ಎಂಟು ದಿನ ನಾ ಈ ಮನಿಶ್ಯಾನ ಜೋಡಿ ಮಾತಾಡಿಲ್ಲ."

"ಬಿಡು, ಲಕ್ಷ್ಮಿಕಾಂತ ಸಾಹೇಬ್ರಿಗಿ ಏನ್ ಗೊತ್ತಿತ್ತು" ಎಂದ ನಿಂಗಣ್ಣ. "ಅವರು ದೊಡ್ಡವರು, ಅವರಿಗಿ ಹಂಗ ಅನಸ್ತು. ಮೇಡಮ್ಮರು ಆಗಿದ್ರ ಹಂಗ ಅಂತಿರ್ಲಿಲ್ಲ. ಇವರು ನನಗ ಹತ್ರದಿಂದ ನೋಡ್ಯಾರ."

ನಾಜಿಶ್ ಕೈಯಲ್ಲಿದ್ದ ತುತ್ತನ್ನು ತಟ್ಟೆಯಲ್ಲಿಟ್ಟಳು. ಸುಮ್ಮನಿರಬಹುದಿತ್ತು. ಯಾರೂ ಕೇಳಿರಲಿಲ್ಲ, ಯಾರಿಗೂ ಎಂದೂ ಗೊತ್ತಾಗುತ್ತಿರಲಿಲ್ಲ. ಲಕ್ಷ್ಮಿಕಾಂತರ ಹೆಸರಿಗೆ ಒಂದು ಶಾಪ ಬಿದ್ದಿದ್ದರೆ ಅದರಿಂದ ಅವರ ಕೂದಲೂ ಕೊಂಕುತ್ತಿರಲಿಲ್ಲ. ಗಂಡ ಹೆಂಡತಿ ಮಾತಾಡಿಕೊಂಡಿದ್ದರು. ಕಾಲು ನಡೆಯುತ್ತಿತ್ತು. ಹೇಳುವುದರಿಂದ ಸರಿಹೋಗುವಂಥದ್ದು ಇನ್ನೇನೂ ಉಳಿದಿರಲಿಲ್ಲ. ಆದರೂ, ಇಷ್ಟೆಲ್ಲ ಯೋಚಿಸಿಯೂ, ತುತ್ತನ್ನು ಮತ್ತೆ ಎತ್ತಿಕೊಳ್ಳಲಿಲ್ಲ. ನೀರು ಕುಡಿದಳು.

"ಆ ಮಾತು ಅವ್ರದ್ದಲ್ಲ" ಎಂದಳು. "ಕುಡಿದಿದ್ರೇನೋ ಕೇಳಿ ಅಂತ ಅವ್ರಿಗೆ ಹೇಳಿದ್ದು ನಾನು."

ಶೇಷಮ್ಮ ಅರ್ಥವಾಗದವಳಂತೆ ಗಂಡನನ್ನು ನೋಡಿದಳು. ನಿಂಗಣ್ಣನ ಮುಖದ ನಗು ಕೂಡಲೇ ಹೋಗಲಿಲ್ಲ. ಹೋಗುವುದಕ್ಕೆ ಸ್ವಲ್ಪ ಹೊತ್ತು ತೆಗೆದುಕೊಂಡಿತು.

"ನೀವು ನೋಡಿದ್ರೇನು, ನಾ ಕುಡಿದದ್ದು?"

"ಇಲ್ಲ."

"ಮತ್ತ ಯಾಕ ಅಂದ್ರಿ?"

"ನನ್ನ ಲೆಕ್ಕ ತಪ್ಪು ಅಂತ ಯಾರೂ ಅನ್ಬಾರ್ದು ಅಂತ."

ಹೆಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಬಂತು.  ನಿಂಗಣ್ಣ ತನ್ನ ಬೂಟನ್ನು ನೋಡಿದ. ಅವನು ಕಾಲು ಬಿಚ್ಚಿ ಎದುರಿಗೆ ಎಸೆಯುತ್ತಾನೆ ಎಂದುಕೊಂಡಳು ನಾಜಿಶ್. ಎಸೆದರೆ ಒಳ್ಳೆಯದು ಎಂದೂ ಅನ್ನಿಸಿತು. ಅವನು ಎಸೆಯಲಿಲ್ಲ.

"ಕಾಲು ನನ್ನ ಹಂತ್ಯಾಕ ಇರ್ಲಿ, ಮೇಡಂ" ಎಂದ. ದನಿ ಏರಿರಲಿಲ್ಲ. "ಸ್ಕ್ರೂ ತಪ್ಪಾಯ್ತು ಅಂದ್ರಿ, ನನಗ ಏನೂ ಅನಸ್ಲಿಲ್ಲ. ಕೆಲಸ ಮಾಡೋ ಕೈ ತಪ್ಪತದ. ಇದು ಹಂಗಲ್ಲ. ಇನ್ ಮುಂದ ಅಳತಿ ತಗೊಳ್ಳೋದಿದ್ರ ಬ್ಯಾರೆ ಯಾರಿಗಾದ್ರೂ ಕಳಸ್ರಿ. ನೀವು ಬರಬ್ಯಾಡ್ರಿ."

ನಾಜಿಶ್ ತಲೆಯಾಡಿಸಿದಳು. ಕೈ ತೊಳೆಯಲೆಂದು ಏಳಹೋದಳು.

"ಕೂಡ್ರಿ" ಎಂದಳು ಶೇಷಮ್ಮ. ಅವಳ ಕಣ್ಣು ಒಲೆಯ ಕಡೆಗಿತ್ತು. ಸೀದ ರೊಟ್ಟಿಯನ್ನು ಪಕ್ಕಕ್ಕೆ ಹಾಕಿ, ಬೇರೆಯದನ್ನು ತಟ್ಟಿ ಬೇಯಿಸಿ, ತಂದು ತಟ್ಟೆಗೆ ಹಾಕಿದಳು. "ನಮ್ಮ ಮನ್ಯಾಗ ತಾಟಿನ ಮುಂದಿಂದ ಅರ್ಧಕ್ಕ ಯಾರೂ ಎದ್ದು ಹೋಗಂಗಿಲ್ಲ. ಉಂಡು ಹೋಗ್ರಿ."

ನಾಜಿಶ್ ಕೂತಳು. ರೊಟ್ಟಿ ಮುರಿದಳು. ಬೆರಳು ಸುಟ್ಟಿತು. ನಿಂಗಣ್ಣ ಗೋಡೆ ಹಿಡಿಯದೆ ಎದ್ದು ಅಂಗಳಕ್ಕೆ ಹೋದ. ಅವಳು ಉಣ್ಣುವಷ್ಟು ಹೊತ್ತೂ ಅವನು ನಡೆಯುತ್ತಿದ್ದ: ನಲ್ಲಿಯ ತನಕ ಹೋಗಿ, ತಿರುಗಿ, ಬಾಗಿಲ ಮುಂದೆ ಹಾಯ್ದು, ಒಳಗೆ ನೋಡದೆ ಮತ್ತೆ ನಲ್ಲಿಯ ಕಡೆಗೆ. ನಾಜಿಶ್ ತಲೆ ತಗ್ಗಿಸಿಕೊಂಡು ಆ ಬೂಟಿನ ಸದ್ದು ಕೇಳುತ್ತಿದ್ದಳು. ಹೆಜ್ಜೆ ಎಲ್ಲೂ ತಪ್ಪಲಿಲ್ಲ.